ಶಾಂತಸಾಗರದ ಕಾಲ್ಚೆಂಡು



ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾಗುವುದಕ್ಕೆ ಮೊದಲು ಎರಡು ವರ್ಷ ನಾನು ಒಂದು ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದೆ. ಭೂಗೋಳದ ಮೇಷ್ಟರು ದೀರ್ಘ ರಜೆಯ ಮೇಲಿದ್ದುದರಿಂದ ಅವರ ತರಗತಿಗಳೂ ನನ್ನ ಪಾಲಿಗೆ ಬಂದಿದ್ದವು. 1984ರ ಮಾತು. ಒಂದು ದಿನ ಗೋಡೆಗೆ ಪ್ರಪಂಚದ ಭೂಪಟವನ್ನು ತೂಗುಹಾಕಿ ಖಂಡಗಳ ಹೆಸರು ಹೇಳಿಸುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು ಬಲತುದಿಯ ನೀಲಿಯ ಮೇಲೆ ಬೆರಳಿಟ್ಟು, 'ಇವೇನು ಸಾರ್, ಮಸಿ ಬಿದ್ದ ಚುಕ್ಕೆಗಳೇ?' ಎಂದು ಕೇಳಿದ. ನಾನೂ ಹತ್ತಿರ ಹೋಗಿ ನೋಡಿದೆ. ಯಾವುವೋ ದ್ವೀಪಗಳು. ಅವುಗಳ ಹೆಸರನ್ನು ಓದುವ ತಾಳ್ಮೆ ನನಗಿರಲಿಲ್ಲ. 'ಅವು ಪರೀಕ್ಷೆಗೆ ಬರುವುದಿಲ್ಲ, ಹೋಗಿ ಕೂತುಕೊ' ಎಂದುಬಿಟ್ಟೆ.

ನಮ್ಮ ಶಾಲೆಗಳ ಭೂಪಟಗಳಲ್ಲಿ ಶಾಂತಸಾಗರಕ್ಕೆ ಎಂದೂ ಒಂದು ನಿಲುವಿನ ಸ್ಥಾನ ದೊರೆತದ್ದಿಲ್ಲ. ಭೂಮಿಯ ಮೇಲಿನ ಅತಿ ದೊಡ್ಡ ಜಲರಾಶಿಯನ್ನು ನಡುವೆ ಸೀಳಿ, ಅರ್ಧವನ್ನು ಎಡತುದಿಗೂ ಅರ್ಧವನ್ನು ಬಲತುದಿಗೂ ಅಂಟಿಸಿರುತ್ತಾರೆ. ಅಲ್ಲಿನ ಜನ ಕಾಗದದ ಅಂಚಿನಲ್ಲಿ ಬದುಕುವವರಾಗಿಬಿಡುತ್ತಾರೆ.

ಆ ಚುಕ್ಕೆಗಳಲ್ಲೊಂದು ಮೂವತ್ತೈದು ವರ್ಷಗಳ ಮೇಲೆ ನನ್ನನ್ನು ಹುಡುಕಿಕೊಂಡು ಬಂತು. 2019ರ ಡಿಸೆಂಬರ್ 11ರ ರಾತ್ರಿ ನಿದ್ರೆ ಬಾರದೆ ದೂರದರ್ಶನ ಪೆಟ್ಟಿಗೆಯ ಮುಂದೆ ಕೂತಿದ್ದೆ. ಕತಾರಿನ ದೋಹಾ ನಗರದಲ್ಲಿ ವಿಶ್ವ ಕ್ಲಬ್ಬುಗಳ ಫುಟ್ಬಾಲ್ ಪಂದ್ಯಾವಳಿಯ ಮೊದಲ ಪಂದ್ಯ. ಒಂದು ಕಡೆ ಆ ನಾಡಿನದೇ ಸಿರಿವಂತ ತಂಡವಾದ ಅಲ್-ಸದ್. ಅದರ ತರಬೇತುದಾರ ಸ್ಪೇನಿನ ಹೆಸರಾಂತ ಆಟಗಾರ ಕ್ಸಾವಿ. ಇನ್ನೊಂದು ಕಡೆ ಯೆಂಗೆನ್ ಎಂಬ ಊರಿನ ತಂಡ. ನ್ಯೂ ಕ್ಯಾಲೆಡೋನಿಯಾ ಎಂಬ ದ್ವೀಪದ ಈಶಾನ್ಯ ಕರಾವಳಿಯಲ್ಲಿರುವ ಆ ಊರಿನ ಒಟ್ಟು ಜನಸಂಖ್ಯೆ, ಸುತ್ತಲ ಹಳ್ಳಿಗಳೆಲ್ಲ ಸೇರಿ, ಎರಡೂವರೆ ಸಾವಿರದಷ್ಟು. ಮೊದಲರ್ಧದಲ್ಲಿ ಅಲ್-ಸದ್ ಒಂದು ಗೋಲು ಹೊಡೆಯಿತು. ವಿರಾಮ ಮುಗಿದು ಆಟ ಮೊದಲಾದ ಕೂಡಲೇ ಅಂತ್ವಾನ್ ರುವಾನ್ ಎಂಬಾತ ಅದನ್ನು ಸರಿಗಟ್ಟಿದ. ತೊಂಬತ್ತು ನಿಮಿಷ ಕಳೆದರೂ ಒಂದಕ್ಕೆ ಒಂದು. ಹೆಚ್ಚುವರಿ ಅವಧಿಯಲ್ಲಿ ಕಾಲು ಸೋತವು; 3-1ರಲ್ಲಿ ಪಂದ್ಯ ಮುಗಿಯಿತು. ಗೆದ್ದವರನ್ನು ನಾನು ಮರುದಿನವೇ ಮರೆತೆ. ಸೋತವರ ಊರಿನ ಹೆಸರು ಮಾತ್ರ ಮನಸ್ಸಿನಲ್ಲಿ ಕೂತುಬಿಟ್ಟಿತು.

ಇಷ್ಟು ಸಣ್ಣ ಊರು ಅಲ್ಲಿಗೆ ಹೇಗೆ ಬಂತು? ಶಾಂತಸಾಗರದ ದ್ವೀಪಗಳ ಕ್ಲಬ್ಬುಗಳು ತಮ್ಮತಮ್ಮೊಳಗೆ ಆಡುವ ಒಂದು ಚಾಂಪಿಯನ್‌ಷಿಪ್ ಉಂಟು. ಅದನ್ನು ಗೆದ್ದವರಿಗೆ ಜಗತ್ತಿನ ದೊಡ್ಡ ತಂಡಗಳ ಪಂಕ್ತಿಯಲ್ಲಿ ಒಂದು ಎಲೆ ಹಾಕುತ್ತಿದ್ದರು. ನಾನು ಆಟಗಾರನಲ್ಲ, ಆಟದ ಪಂಡಿತನೂ ಅಲ್ಲ. ಆದರೆ ಈ ಪಂದ್ಯಾವಳಿಯ ಇತಿಹಾಸವನ್ನು ಓದುತ್ತ ಹೋದಂತೆ ಇದು ಬರಿಯ ಆಟದ ಇತಿಹಾಸವಲ್ಲವೆನ್ನಿಸಿತು. ಆ ಮಾತನ್ನೇ ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಈ ಭಾಗದ ಫುಟ್ಬಾಲ್ ಒಕ್ಕೂಟ ಹುಟ್ಟಿದ್ದು 1966ರಲ್ಲಿ. ಕ್ಲಬ್ಬುಗಳ ನಡುವಿನ ಚಾಂಪಿಯನ್‌ಷಿಪ್ ಎಂಬುದು ಮೊದಲಿಗೆ ನಡೆದದ್ದು 1987ರಲ್ಲಿ. ಆ ಅಂತಿಮ ಪಂದ್ಯದಲ್ಲಿ ಎದುರುಬದುರಾದವರು ಆಸ್ಟ್ರೇಲಿಯದ ಒಂದು ತಂಡ, ನ್ಯೂಜಿಲೆಂಡಿನ ಒಂದು ತಂಡ. ಗೆದ್ದದ್ದು ಅಡಿಲೇಡ್ ಸಿಟಿ. ಆಮೇಲೆ ಹನ್ನೆರಡು ವರ್ಷ ಮೌನ. ಈ ಮೌನದ ಅರ್ಥ ತಿಳಿಯಬೇಕಾದರೆ ದೂರದ ಅಂದಾಜು ಬೇಕು. ಪಾಪುವಾ ನ್ಯೂಗಿನಿಯ ಪೋರ್ಟ್ ಮೋರೆಸ್ಬಿಯಿಂದ ತಾಹಿತಿಯ ಪಪೀಟೆಗೆ ಆರೂವರೆ ಸಾವಿರ ಕಿಲೋಮೀಟರಿಗೂ ಮಿಗಿಲು. ನಮ್ಮ ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗಿ ಮತ್ತೆ ಕಾಶ್ಮೀರಕ್ಕೆ ಬಂದರೂ ಅಷ್ಟಾಗದು. ನಡುವೆ ದಿನರೇಖೆ ಬೇರೆ ಹಾದುಹೋಗುತ್ತದೆ. ತಾಹಿತಿಯಿಂದ ಶನಿವಾರ ಹೊರಟ ತಂಡ ಫಿಜಿಯಲ್ಲಿ ಇಳಿಯುವಾಗ ಭಾನುವಾರವಾಗಿರುತ್ತದೆ. ಹೊಲ, ಬಂದರು, ಗಣಿ, ಶಾಲೆಗಳಲ್ಲಿ ದುಡಿದು ಸಂಜೆಯ ಬೆಳಕಿನಲ್ಲಿ ಚೆಂಡಾಡುವ ಹುಡುಗರ ತಂಡಕ್ಕೆ ಪಂದ್ಯಕ್ಕಿಂತ ಪ್ರಯಾಣವೇ ದೊಡ್ಡ ಎದುರಾಳಿ.

2000ದಲ್ಲಿ ಬ್ರೆಜಿಲಿನಲ್ಲಿ ಮೊದಲ ವಿಶ್ವ ಕ್ಲಬ್ ಪಂದ್ಯಾವಳಿ ನಡೆಯುವುದೆಂದು ಗೊತ್ತಾದಾಗ ಈ ಚಾಂಪಿಯನ್‌ಷಿಪ್ಪಿಗೆ ಮತ್ತೆ ಜೀವ ಬಂತು. 1999ರಲ್ಲಿ ಅದು ಫಿಜಿಯಲ್ಲಿ ನಡೆಯಿತು. ಅಂತಿಮ ಪಂದ್ಯಕ್ಕೆ ಬಂದ ಫಿಜಿಯ ಊರಿನ ಹೆಸರನ್ನು ಬರೆಯುವುದು 'ನಾಡಿ' ಎಂದು. ಆದರೆ ಫಿಜಿ ಭಾಷೆಯಲ್ಲಿ ಡಕಾರದ ಹಿಂದೆ ಒಂದು ಅನುನಾಸಿಕ ತಾನಾಗಿ ಸೇರಿಕೊಳ್ಳುವುದರಿಂದ ಉಚ್ಚಾರ 'ನಾಂದಿ'. ನಮ್ಮ ನಾಟಕಗಳ ನಾಂದಿಯನ್ನು ಬಲ್ಲವನಿಗೆ ಈ ಕಾಕತಾಳೀಯ ಇಷ್ಟವಾಗದಿರದು. ನಾಂದಿಯ ತಂಡ ಆಸ್ಟ್ರೇಲಿಯದ ಸೌತ್ ಮೆಲ್ಬೋರ್ನಿನ ಕೈಯಲ್ಲಿ 5-1ರಿಂದ ಸೋತಿತು. ಆದರೂ ದ್ವೀಪದ ತಂಡವೊಂದು ಕೊನೆಯ ದಿನದವರೆಗೆ ರಂಗದ ಮೇಲೆ ಉಳಿದದ್ದು ಅದೇ ಮೊದಲು. ನಾಂದಿ ಎಂಬ ಹೆಸರು ಅನ್ವರ್ಥವಾಯಿತು.

ಫಿಜಿಯ ಮಾತು ಬಂದಾಗ ಅಲ್ಲಿನ ನಮ್ಮವರ ಮಾತನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1879ರಿಂದ 1916ರವರೆಗೆ ಅರುವತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರಾರು ಕೂಲಿಗಳಾಗಿ ಅಲ್ಲಿನ ಕಬ್ಬಿನ ತೋಟಗಳಿಗೆ ಸಾಗಿಸಲಾಯಿತು. ಮೊದಲು ಕಲ್ಕತ್ತೆಯಿಂದ, 1903ರಿಂದ ಮದರಾಸಿನಿಂದಲೂ ಹಡಗುಗಳು ಹೊರಟವು. 'ಎಗ್ರಿಮೆಂಟ್' ಎಂಬ ಮಾತು ಅವರ ಬಾಯಲ್ಲಿ 'ಗಿರ್ಮಿಟ್' ಆಯಿತು, ಅವರು ಗಿರ್ಮಿಟಿಯರಾದರು. ಆ ಕಬ್ಬಿನ ಗದ್ದೆಗಳ ಮಕ್ಕಳು ಮೆಚ್ಚಿಕೊಂಡ ಆಟ ಫುಟ್ಬಾಲ್. ಮೂಲನಿವಾಸಿ ಫಿಜಿಯನ್ನರಿಗೆ ರಗ್ಬಿ, ಭಾರತೀಯರಿಗೆ ಫುಟ್ಬಾಲ್ ಎಂಬಂತೆ ಆಟದಲ್ಲೂ ಓಣಿಗಳು ಬೇರೆಯಾದವು. 1938ರಲ್ಲಿ ಹುಟ್ಟಿದ ಸಂಸ್ಥೆಯ ಹೆಸರೇ ಫಿಜಿ ಇಂಡಿಯನ್ ಫುಟ್ಬಾಲ್ ಅಸೋಸಿಯೇಷನ್. 1961ರಲ್ಲಿ ಆ ನಡುವಿನ ಪದವನ್ನು ತೆಗೆದು ಎಲ್ಲ ಜನಾಂಗದವರಿಗೂ ಬಾಗಿಲು ತೆರೆದರು. ಸಕ್ಕರೆ ಕಾರ್ಖಾನೆಯ ಊರಾದ 'ಬಾ' ಎಂಬಲ್ಲಿ ಇಂದು ಗೋವಿಂದ ಪಾರ್ಕ್ ಎಂಬ ಕ್ರೀಡಾಂಗಣವಿದೆ. ಊರಿನ ಹೆಸರೇ ನಮ್ಮನ್ನು ಕರೆಯುವಂತಿದೆಯಲ್ಲವೇ! ಆ ಬಾ ತಂಡ 2007ರಲ್ಲಿ ಅಂತಿಮಕ್ಕೇರಿತು. ಫಿಜಿಯಲ್ಲಿ 2-1ರಿಂದ ಗೆದ್ದಿತು. ನ್ಯೂಜಿಲೆಂಡಿನಲ್ಲಿ ವೈಟಾಕರೆ ಯುನೈಟೆಡ್ ಎದುರು 1-0ಯಿಂದ ಸೋತಿತು. ಎರಡೂ ಸೇರಿ ಎರಡಕ್ಕೆ ಎರಡು. ಪರಸ್ಥಳದಲ್ಲಿ ಹೊಡೆದ ಗೋಲಿಗೆ ತೂಕ ಹೆಚ್ಚು ಎಂಬ ನಿಯಮದಿಂದ ಪ್ರಶಸ್ತಿ ವೈಟಾಕರೆಗೆ ಹೋಯಿತು. ಎರಡು ಊರುಗಳಲ್ಲಿ ಸಮನಾಗಿ ಆಡಿಯೂ ಸೋಲುವುದೆಂದರೆ ಇದು.

ಇನ್ನೊಂದು ಹೆಸರಿನ ಕಥೆ ಹೇಳಬೇಕು. 2001ರಲ್ಲಿ ಅಂತಿಮ ಪಂದ್ಯ ಆಡಿ ಆಸ್ಟ್ರೇಲಿಯದ ವುಲಂಗಾಂಗ್ ತಂಡಕ್ಕೆ 1-0ಯಿಂದ ಸೋತದ್ದು ವನುವಾಟು ದೇಶದ ತಫೇಆ. ಇದು ಒಂದು ಊರಿನ ಹೆಸರಲ್ಲ. ತನ್ನಾ, ಅನೈತ್ಯುಮ್, ಫುತೂನಾ, ಎರೊಮಾಂಗೊ, ಅನಿವಾ ಎಂಬ ಐದು ದ್ವೀಪಗಳ ಮೊದಲಕ್ಷರಗಳನ್ನು ಪೋಣಿಸಿದ ಪ್ರಾಂತದ ಹೆಸರು. 1980ರವರೆಗೆ ಇಂಗ್ಲೆಂಡ್, ಫ್ರಾನ್ಸ್ ಎಂಬ ಇಬ್ಬರು ಯಜಮಾನರು ಏಕಕಾಲಕ್ಕೆ ಆಳಿದ ನಾಡು ಅದು. ಅಂಥಲ್ಲಿ ಐದು ದ್ವೀಪಗಳು ಒಂದೊಂದು ಅಕ್ಷರ ಕೊಟ್ಟು ಒಂದು ಹೆಸರಾಗುವುದು, ಆ ಹೆಸರಿನ ತಂಡ ರಾಜಧಾನಿಯ ಲೀಗನ್ನು ಹದಿನೈದು ಸಲ ಎಡೆಬಿಡದೆ ಗೆಲ್ಲುವುದು, ಇದನ್ನು ವ್ಯಾಕರಣದಲ್ಲಿ ಯಾವ ಸಮಾಸವೆಂದು ಕರೆಯಬೇಕೋ ನಾನರಿಯೆ.

2006ರ ಜನವರಿ 1ರಂದು ಆಸ್ಟ್ರೇಲಿಯ ಈ ಒಕ್ಕೂಟವನ್ನು ಬಿಟ್ಟು ಏಷ್ಯಾದ ಒಕ್ಕೂಟಕ್ಕೆ ಸೇರಿಕೊಂಡಿತು. ದೊಡ್ಡಣ್ಣ ಬೇರೆ ಮನೆ ಮಾಡಿದ. ಇನ್ನು ಉಳಿದವರಿಗೆ ಅವಕಾಶವೆಂದು ಜನ ಭಾವಿಸಿದರು. ಆದರೆ ಮನೆಯಲ್ಲಿ ನ್ಯೂಜಿಲೆಂಡ್ ಇತ್ತಲ್ಲ. 2004ರಲ್ಲಿ ಹುಟ್ಟಿದ ಆಕ್ಲೆಂಡ್ ಸಿಟಿ ಎಂಬ ಕ್ಲಬ್ 2025ರ ಹೊತ್ತಿಗೆ ಈ ಪ್ರಶಸ್ತಿಯನ್ನು ಹದಿಮೂರು ಸಲ ಗೆದ್ದಿತ್ತು. 2011ರಿಂದ 2017ರವರೆಗೆ ಸತತವಾಗಿ ಏಳು ಸಲ. ಈ ಗೆಲುವನ್ನು ಧನಬಲವೆಂದು ಹಳಿಯುವುದೂ ನ್ಯಾಯವಲ್ಲ. ಅವರೂ ಹಗಲು ಬೇರೆ ಕೆಲಸ ಮಾಡುವವರೇ. 2025ರ ಜೂನಿನಲ್ಲಿ ಅಮೆರಿಕದಲ್ಲಿ ನಡೆದ ವಿಶ್ವ ಪಂದ್ಯಾವಳಿಯಲ್ಲಿ ಜರ್ಮನಿಯ ಬಯರ್ನ್ ತಂಡ ಅವರಿಗೆ ಹತ್ತು ಗೋಲು ಹೊಡೆಯಿತು. ಒಂಬತ್ತು ದಿನಗಳ ಮೇಲೆ ಅದೇ ತಂಡ ಅರ್ಜೆಂಟೀನಾದ ಬೋಕಾ ಜೂನಿಯರ್ಸನ್ನು 1-1ರಲ್ಲಿ ತಡೆದು ನಿಲ್ಲಿಸಿತು. ಆ ಗೋಲನ್ನು ತಲೆಯಿಂದ ಹೊಡೆದ ಕ್ರಿಶ್ಚಿಯನ್ ಗ್ರೇ ವೃತ್ತಿಯಿಂದ ಶಾಲೆಯಲ್ಲಿ ಪಾಠ ಹೇಳುವವನು. ಮೇಷ್ಟರೊಬ್ಬ ಬೋಕಾದ ಎದುರು ಗೋಲು ಹೊಡೆದನೆಂಬ ಸುದ್ದಿ ಓದಿ, ಜಾತಿಬಾಂಧವನೆಂಬ ಅಭಿಮಾನದಿಂದ ನಾನು ಒಂದು ಲೋಟ ಕಾಫಿ ಹೆಚ್ಚಿಗೆ ಕುಡಿದೆ.

ಈ ಸರಣಿಯನ್ನು ದ್ವೀಪದವರು ಮುರಿದದ್ದು 2010ರಲ್ಲಿ ಮೊದಲ ಸಲ. ಪಾಪುವಾ ನ್ಯೂಗಿನಿಯ ಹೆಕಾರಿ ಯುನೈಟೆಡ್ ತನ್ನ ಊರಿನಲ್ಲಿ ವೈಟಾಕರೆಯನ್ನು 3-0ಯಿಂದ ಸೋಲಿಸಿತು. ಆಕ್ಲೆಂಡಿಗೆ ಹೋಗಿ 2-1ರಿಂದ ಸೋತರೂ ಒಟ್ಟು ಲೆಕ್ಕದಲ್ಲಿ ಗೆದ್ದಿತು. ಎಂಟುನೂರಕ್ಕೂ ಹೆಚ್ಚು ಭಾಷೆಗಳಿರುವ ನಾಡಿನ ತಂಡ ಅದು. ಅದರಲ್ಲಿ ಸೊಲೊಮನ್ ದ್ವೀಪದವರೂ ಫಿಜಿಯವರೂ ಆಡಿದ್ದರು. ಎರಡನೆಯ ಸಲ ಈ ಕೆಲಸ ಮಾಡಿದ್ದು, ನಾನು ಆ ರಾತ್ರಿ ಕಂಡ ಯೆಂಗೆನ್. ಇಲ್ಲಿಂದ ಮುಂದೆ ನನ್ನ ಮಾತು ಸ್ವಲ್ಪ ಭಾರವಾಗುತ್ತದೆ.

ನ್ಯೂ ಕ್ಯಾಲೆಡೋನಿಯಾವನ್ನು ಫ್ರಾನ್ಸ್ ವಶಪಡಿಸಿಕೊಂಡದ್ದು 1853ರಲ್ಲಿ. ಅಲ್ಲಿನ ಮೂಲನಿವಾಸಿಗಳು ಕನಕ್ ಎಂಬ ಜನ. ನಮ್ಮ ಕನಕಕ್ಕೂ ಅದಕ್ಕೂ ನಂಟಿಲ್ಲ. ಹವಾಯಿ ಭಾಷೆಯಲ್ಲಿ 'ಕನಕ' ಎಂದರೆ ಮನುಷ್ಯ. ಬಿಳಿಯರು ಅದನ್ನು ಬೈಗುಳಾಗಿ ಬಳಸಿದರು. ಆ ಜನ ಅದೇ ಬೈಗುಳನ್ನು ಎತ್ತಿ ತೊಳೆದು ತಮ್ಮ ಹೆಸರಾಗಿ ಧರಿಸಿದರು. ದ್ವೀಪ ಮೊದಲು ಸೆರೆಯಾಳುಗಳ ವಸಾಹತಾಯಿತು, ಆಮೇಲೆ ನಿಕ್ಕಲ್ ಗಣಿಯಾಯಿತು. ಎದುರಾಡಿದ ಯೆಂಗೆನ್ನಿನ ಮುಖಂಡ ಬುವಾರಾತನನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ತಾಹಿತಿಗೆ ಗಡಿಪಾರು ಮಾಡಿದರು. 1931ರಲ್ಲಿ ಪ್ಯಾರಿಸಿನ ವಸಾಹತು ಪ್ರದರ್ಶನದ ಕಾಲದಲ್ಲಿ ನೂರಕ್ಕೂ ಹೆಚ್ಚು ಕನಕರನ್ನು ಕರೆದೊಯ್ದು 'ನರಭಕ್ಷಕರು' ಎಂಬ ಹಲಗೆಯ ಹಿಂದೆ ನಿಲ್ಲಿಸಿದರು. ಕೆಲವರನ್ನು ಮೊಸಳೆಗಳ ಬದಲಿಗೆ ಜರ್ಮನಿಗೆ ಎರವಲು ಕೊಟ್ಟರು. 1998ರಲ್ಲಿ ಫ್ರಾನ್ಸಿಗೆ ವಿಶ್ವಕಪ್ ಗೆದ್ದುಕೊಟ್ಟ ತಂಡದಲ್ಲಿ ಕ್ರಿಸ್ತಿಯಾನ್ ಕರಂಬೋ ಎಂಬ ಕನಕ್ ಆಟಗಾರನಿದ್ದ. ಆತನ ಮುತ್ತಜ್ಜ ಆ ಪ್ರದರ್ಶನದಲ್ಲಿ ನಿಂತವರಲ್ಲೊಬ್ಬ. ಪಂದ್ಯದ ಮುನ್ನ ಫ್ರಾನ್ಸಿನ ರಾಷ್ಟ್ರಗೀತೆ ನುಡಿಸುವಾಗ ಕರಂಬೋ ಬಾಯಿ ತೆರೆಯುತ್ತಿರಲಿಲ್ಲ.

ಯೆಂಗೆನ್ ಕಣಿವೆಯ ತ್ಯೆಂಡಾನಿಟ್ ಎಂಬ ಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದವನು ಜಾನ್-ಮಾರಿ ಚಿಬಾವು. ಪಾದ್ರಿಯಾಗಲು ಓದಿ, ಆ ದಾರಿ ಬಿಟ್ಟು, ತನ್ನ ಜನರ ಸಂಸ್ಕೃತಿಯ ಅಭ್ಯಾಸಿಯಾದ. 1975ರಲ್ಲಿ ನೂಮಿಯಾ ನಗರದಲ್ಲಿ 'ಮೆಲನೇಶಿಯಾ 2000' ಎಂಬ ಹಬ್ಬ ನಡೆಸಿ, ಕನಕರ ಕುಣಿತ, ಮಾತು, ಆಚಾರಗಳನ್ನು ನಗರದ ನಡುವೆ ತಂದು ನಿಲ್ಲಿಸಿದ. 1931ರಲ್ಲಿ ಅವರನ್ನು ತೋರಿಸಿದವರು ಬೇರೆಯವರು; 1975ರಲ್ಲಿ ಅವರು ತಮ್ಮನ್ನು ತಾವೇ ತೋರಿಸಿಕೊಂಡರು. 1977ರಲ್ಲಿ ಆತ ಯೆಂಗೆನ್ನಿನ ಮೇಯರಾದ, ಮುಂದೆ ಸ್ವಾತಂತ್ರ್ಯ ಚಳವಳಿಯ ನಾಯಕನಾದ.

1984ರ ಡಿಸೆಂಬರ್ 5ರ ರಾತ್ರಿ ಯೆಂಗೆನ್ನಿನಲ್ಲಿ ಸಭೆ ಮುಗಿಸಿ ಎರಡು ವಾಹನಗಳಲ್ಲಿ ತ್ಯೆಂಡಾನಿಟ್‌ಗೆ ಮರಳುತ್ತಿದ್ದವರ ಮೇಲೆ ದಾರಿಯಲ್ಲಿ ಹೊಂಚು ಹಾಕಿದ್ದ ವಲಸಿಗರು ಗುಂಡು ಹಾರಿಸಿದರು. ಹತ್ತು ಮಂದಿ ಸತ್ತರು. ಅವರಲ್ಲಿ ಇಬ್ಬರು ಚಿಬಾವುವಿನ ಒಡಹುಟ್ಟಿದವರು. ಆರೋಪಿಗಳು ಆತ್ಮರಕ್ಷಣೆಗಾಗಿ ಹಾಗೆ ಮಾಡಿದರೆಂದು 1987ರಲ್ಲಿ ಅವರ ಬಿಡುಗಡೆಯಾಯಿತು. ಸುಟ್ಟ ವಾಹನಗಳ ಅಸ್ಥಿಪಂಜರಗಳನ್ನು ಊರವರು ರಸ್ತೆಯ ಬದಿಯಲ್ಲಿ ಹಾಗೆಯೇ ಸ್ಮಾರಕವಾಗಿ ಉಳಿಸಿಕೊಂಡರು. ಅಷ್ಟಾದರೂ ಚಿಬಾವು ಸೇಡಿನ ದಾರಿ ಹಿಡಿಯದೆ 1988ರಲ್ಲಿ ಫ್ರಾನ್ಸಿನೊಡನೆ ಒಪ್ಪಂದಕ್ಕೆ ಕೈ ಚಾಚಿದ. ಅದನ್ನು ದ್ರೋಹವೆಂದು ಬಗೆದ ಒಬ್ಬ ಕನಕನೇ 1989ರ ಮೇ 4ರಂದು ಆತನನ್ನು ಗುಂಡಿಟ್ಟು ಕೊಂದ.

ಆ ಊರಿನ ತಂಡ ಹುಟ್ಟಿದ್ದು 1997ರಲ್ಲಿ. 2019ರಲ್ಲಿ ಅದು ನ್ಯೂಜಿಲೆಂಡಿನ ಟೀಮ್ ವೆಲಿಂಗ್ಟನ್ನನ್ನು 2-0ಯಿಂದ ಸೋಲಿಸಿತು. ಅದೇ ದ್ವೀಪದ ಮಜೆಂಟಾ ತಂಡ ಆಕ್ಲೆಂಡ್ ಸಿಟಿಯನ್ನು 2-1ರಿಂದ ಕೆಡವಿತು. ಹೀಗೆ ಅಂತಿಮ ಪಂದ್ಯ ನೂಮಿಯಾದಲ್ಲಿ, ಒಂದೇ ದ್ವೀಪದ ಇಬ್ಬರ ನಡುವೆ ಬಂದು ನಿಂತಿತು. ಒಂದು ರಾಜಧಾನಿಯ ತಂಡ, ಇನ್ನೊಂದು ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಹಳ್ಳಿಯ ತಂಡ. ಮೇ 11ರಂದು ಯೆಂಗೆನ್ 1-0ಯಿಂದ ಗೆದ್ದಿತು. ಗೋಲು ಹೊಡೆದವನು ಅದೇ ಅಂತ್ವಾನ್ ರುವಾನ್. ತಂಡದ ತರಬೇತುದಾರ ಫೆಲಿಕ್ಸ್ ತಗಾವಾ ತಾಹಿತಿಯವನು. ಒಂದು ಕಾಲದಲ್ಲಿ ಯೆಂಗೆನ್ನಿನ ಮುಖಂಡನನ್ನು ಸೆರೆಯಾಗಿ ಒಯ್ದ ತಾಹಿತಿಯಿಂದ ಒಬ್ಬ ಗುರು ತಾನೇ ಒಲಿದು ಆ ಊರಿಗೆ ಬಂದಿದ್ದ. ಇತಿಹಾಸ ಇಂಥ ಸಾಲಗಳನ್ನು ಬೇಕೆಂದು ತೀರಿಸುತ್ತದೆಂದು ನಾನು ಹೇಳಲಾರೆ. ಆದರೆ ಸಮುದ್ರದ ಅದೇ ದಾರಿಯಲ್ಲಿ ಈ ಸಲ ಬೇಡಿ ಇರಲಿಲ್ಲ.

ಹಾಗಾದರೆ ಒಂದು ಗೋಲಿನಿಂದ ಏನಾಯಿತು ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆ ಪಂದ್ಯಕ್ಕೆ ಆರು ತಿಂಗಳು ಮೊದಲು, 2018ರ ನವೆಂಬರಿನಲ್ಲಿ, ಸ್ವಾತಂತ್ರ್ಯ ಬೇಕೇ ಬೇಡವೇ ಎಂಬ ಜನಮತಗಣನೆ ನಡೆದು 'ಬೇಡ' ಎಂಬುದಕ್ಕೆ ಬಹುಮತ ಬಂದಿತ್ತು. 2020ರಲ್ಲೂ ಹಾಗೆಯೇ ಆಯಿತು. 2021ರ ಮೂರನೆಯ ಗಣನೆಯನ್ನು ಕನಕರು ಬಹಿಷ್ಕರಿಸಿದರು. 2024ರ ಮೇ ತಿಂಗಳಲ್ಲಿ ಮತದಾರರ ಪಟ್ಟಿಯ ವಿವಾದದಿಂದ ನೂಮಿಯಾ ಹತ್ತಿ ಉರಿಯಿತು; ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಕಾಲ್ಚೆಂಡು ಯಾವ ಬೆಂಕಿಯನ್ನೂ ಆರಿಸಲಿಲ್ಲ. ಆಟಕ್ಕೆ ಅಂಥ ಶಕ್ತಿಯಿದೆಯೆಂದು ಹೇಳುವವರ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ.

ಆದರೆ ಬೇರೊಂದು ಕೆಲಸ ಅದರಿಂದ ಆಗಿದೆ. ಇದನ್ನು ಹೇಳಲು ನನಗೆ ಎಪೆಲಿ ಹೌಓಫಾ ಎಂಬ ಲೇಖಕನ ನೆರವು ಬೇಕು. ಟೊಂಗಾ ದ್ವೀಪದ ಮೂಲದವನು, ಪಾಪುವಾದಲ್ಲಿ ಹುಟ್ಟಿದವನು, ಫಿಜಿಯ ಸುವಾ ನಗರದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವನು, 2009ರಲ್ಲಿ ತೀರಿಕೊಂಡ. 1993ರಲ್ಲಿ ಆತ 'ನಮ್ಮ ದ್ವೀಪಗಳ ಸಮುದ್ರ' ಎಂಬ ಅರ್ಥದ ಹೆಸರಿನಲ್ಲಿ ಒಂದು ಪ್ರಬಂಧ ಬರೆದ. ಆತನ ವಾದದ ತಿರುಳು ಇಷ್ಟು: ಹೊರಗಿನವರು ದಡದಲ್ಲಿ ನಿಂತು, ಅಪಾರ ಸಮುದ್ರದಲ್ಲಿ ಚದುರಿಬಿದ್ದ ಪುಟ್ಟ ಬಡ ದ್ವೀಪಗಳನ್ನು ಕಂಡರು, ಅಲ್ಲಿನ ಪೂರ್ವಿಕರು ದೋಣಿಯಲ್ಲಿ ಕೂತು, ದ್ವೀಪಗಳಿಂದ ತುಂಬಿದ ಒಂದು ಸಮುದ್ರವನ್ನು ಕಂಡರು. ಅವರಿಗೆ ನೀರು ಗೋಡೆಯಲ್ಲ, ದಾರಿ. ಮದುವೆ, ವ್ಯಾಪಾರ, ಜಗಳ, ಹಬ್ಬ ಎಲ್ಲವೂ ಆ ದಾರಿಯಲ್ಲೇ ನಡೆದವು. ವಸಾಹತು ಕಾಲದ ಗಡಿಗೆರೆಗಳು ನೀರಿನ ಮೇಲೆ ಬಿದ್ದಾಗ ಆ ದಾರಿಗಳು ಮುಚ್ಚಿಹೋದವು. ಅವರು ಸಣ್ಣವರಾದದ್ದು ಅಂದು. ಪ್ರತಿ ದ್ವೀಪವೂ ನೆರೆಯವನ ಕಡೆಗೆ ಬೆನ್ನು ಹಾಕಿ ಲಂಡನ್ನಿನ ಕಡೆಗೋ ಪ್ಯಾರಿಸಿನ ಕಡೆಗೋ ಮುಖಮಾಡಿ ಕೂತಿತು.

ಈ ಚಾಂಪಿಯನ್‌ಷಿಪ್ಪನ್ನು ನಾನು ಆ ಕಣ್ಣಿನಿಂದ ನೋಡುತ್ತೇನೆ. ತಾಹಿತಿಯ ಹುಡುಗ ಸೊಲೊಮನ್ ದ್ವೀಪದ ಹೊನಿಯಾರಾದಲ್ಲಿ ಹದಿನೈದು ದಿನ ತಂಗುತ್ತಾನೆ. ವನುವಾಟುವಿನವನು ಫಿಜಿಯ ಬಾ ಊರಿನಲ್ಲಿ ಕಬ್ಬಿನ ವಾಸನೆಯ ಗಾಳಿಯಲ್ಲಿ ಆಡುತ್ತಾನೆ. ಫ್ರೆಂಚ್ ಕಲಿತವನೂ ಇಂಗ್ಲಿಷ್ ಕಲಿತವನೂ, ಹಿಂದಿಯಾಡುವ ಗಿರ್ಮಿಟಿಯನ ಮರಿಮಗನೂ, ಒಂದು ಚೆಂಡಿನ ಹಿಂದೆ ಓಡುತ್ತಾರೆ. ಯಜಮಾನರು ಮುಚ್ಚಿದ ದಾರಿಯೊಂದು ತೆರೆದಂತಾಗಿದೆ. 2025ರಲ್ಲಿ ಅಂತಿಮ ಪಂದ್ಯ ಹೊನಿಯಾರಾದಲ್ಲೇ ನಡೆಯಿತು. ಹೆಕಾರಿ ಮತ್ತೆ ಅಲ್ಲಿಯವರೆಗೆ ಬಂದು ಆಕ್ಲೆಂಡ್ ಸಿಟಿಗೆ 2-0ಯಿಂದ ಸೋತಿತು. ಗೆಲ್ಲುವವರು ಬಹುಮಟ್ಟಿಗೆ ಅವರೇ ಇರಬಹುದು. ಆದರೆ ಹೋಗಿಬರುವವರು ಎಲ್ಲರೂ. ಅತಿಥಿಯಾಗಿ ಹೋಗುವುದು, ಆತಿಥೇಯನಾಗಿ ಬರಮಾಡಿಕೊಳ್ಳುವುದು, ತನ್ನ ಊರಿನ ಹೆಸರನ್ನು ಅಂಗಿಯ ಮೇಲೆ ತಾನೇ ಬರೆದುಕೊಳ್ಳುವುದು, ಒಮ್ಮೆ ಹಲಗೆಯ ಹಿಂದೆ ನಿಂತ ಜನಕ್ಕೆ ಇದು ಸಣ್ಣ ಗಳಿಕೆಯಲ್ಲ.

ನಾನು ತಾರೀಖುಗಳನ್ನು ಹೊಂದಿಸುತ್ತ ಕೂತಾಗ ಒಂದು ಸಂಗತಿ ಹೊಳೆದು ಮನಸ್ಸು ಕಹಿಯಾಯಿತು. ಯೆಂಗೆನ್ನಿನ ರಸ್ತೆಯಲ್ಲಿ ಹತ್ತು ಮಂದಿ ಸತ್ತದ್ದು 1984ರಲ್ಲಿ. ಆ ಹುಡುಗ ಭೂಪಟದ ನೀಲಿಯ ಮೇಲೆ ಬೆರಳಿಟ್ಟು ಕೇಳಿದ್ದೂ ಅದೇ ವರ್ಷ. ಅವನ ಬೆರಳು ಯಾವ ದ್ವೀಪದ ಮೇಲಿತ್ತೋ ನಾನು ನೋಡಲಿಲ್ಲ. ನೋಡಿದ್ದರೆ ಯಾರೂ ಬದುಕುತ್ತಿರಲಿಲ್ಲ, ನಿಜ. ಆದರೂ ಮನುಷ್ಯರಿರುವ ಜಾಗವನ್ನು ಪರೀಕ್ಷೆಗೆ ಬಾರದ ಜಾಗವೆಂದು ಒಂದು ಮಗುವಿಗೆ ಹೇಳಿದವನು ನಾನೇ.

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಎಲ್ಲಿರುವನೋ ತಿಳಿಯದು. ಎಲ್ಲಾದರೂ ಈ ಮಾತು ಅವನ ಕಿವಿಗೆ ಬಿದ್ದರೆ, ಅವನು ಕೇಳಿದ ಪ್ರಶ್ನೆಗೆ ಇದು ನನ್ನ ತಡವಾದ ಉತ್ತರ. ಅವು ಮಸಿಯ ಚುಕ್ಕೆಗಳಲ್ಲಪ್ಪ, ಊರುಗಳು. ಅಲ್ಲಿ ಸಂಜೆಯ ಹೊತ್ತು ಹುಡುಗರು ಚೆಂಡಾಡುತ್ತಾರೆ.